ಆಫೀಸಿನಲ್ಲಿ ಮಧ್ಯಾಹ್ನವಾದರೆ ಎಲ್ಲರಿಗೂ ತಲೆನೋವು, ತೂಕಡಿಕೆ. ಯಾವ ಏರ್ ಪ್ಯೂರಿಫೈಯರ್ ತಗೊಳ್ಳೋಣ?

ಯಾವುದೂ ಬೇಡ. ಸದ್ಯಕ್ಕಂತೂ ಬೇಡವೇ ಬೇಡ.

ನಲವತ್ತು ಜನ, ತೆರೆಯಲು ಬಾರದ ಗಾಜಿನ ಕಿಟಕಿ, ಈಚೆಗೆ ಶುರುವಾದ ನೈಟ್ ಶಿಫ್ಟ್, "ಏನಾದ್ರೂ ಮಾಡಿ" ಅಂತ ಮೇಲಿನವರ ಒತ್ತಾಯ. ನಿಮ್ಮ ಪ್ರಶ್ನೆ ಓದುತ್ತಿದ್ದರೆ 2019ರಲ್ಲಿ ನಾನೇ ಬರೆದಿಟ್ಟಿದ್ದೇನೋ ಅನ್ನಿಸಿತು.

ಆಗ ನಾನು ಬೆಂಗಳೂರಿನ ರಿಂಗ್ ರೋಡ್ ಪಕ್ಕದ ಒಂದು ಕಸ್ಟಮರ್ ಸಪೋರ್ಟ್ ಕಂಪನಿಯಲ್ಲಿ ಅಡ್ಮಿನ್. ಕುರ್ಚಿ ಮುರಿದರೂ ನನಗೇ ಫೋನು, ಕಾಫಿ ಮೆಷಿನ್ ಕೆಟ್ಟರೂ ನನಗೇ ಫೋನು. ಒಂದೇ ಫ್ಲೋರ್, ಮೂರು ಶಿಫ್ಟ್. ಹಗಲಲ್ಲಿ 110 ಜನ, ಬೆಳಗಿನ ಜಾವ ನಾಲ್ಕಕ್ಕೂ 50 ಜನ. ಫ್ಲೋರ್ ಖಾಲಿಯಾಗುವುದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಮುಗ್ಗರಿಸಿದ್ದು ಇಲ್ಲೇ.

ಆರು ಪ್ಯೂರಿಫೈಯರ್, ಗಾಳಿ ಅಳೆಯುವ ನಾಲ್ಕು ಮೀಟರ್ ತರಿಸಿದೆ. ಮೊದಲ ದಿನವೇ ಮೀಟರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ 1500 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 1500 ಪಾಲು. ಹೊರಗಿನ ಗಾಳಿಯಲ್ಲಿ ಅದು 400ರ ಆಸುಪಾಸು. 1500 ಅಂದರೆ ವಿಷವೇನಲ್ಲ. ಆದರೆ ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000 ಪಿಪಿಎಂ ಇರುತ್ತದೆ. ಲೆಕ್ಕ ಹಾಕಿ ನೋಡಿದರೆ, ನೀವು ಎಳೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ ಎರಡು ಮೂರು ಪಾಲು ಆಗಲೇ ಇನ್ನೊಬ್ಬರು ಉಸಿರಾಡಿ ಬಿಟ್ಟದ್ದು. ಮ್ಯೂನಿಕ್‌ನ ಪೆಟೆನ್‌ಕೋಫರ್ ಅನ್ನೋ ವಿಜ್ಞಾನಿ 1858ರಲ್ಲೇ ಜನ ಇರುವ ಕೋಣೆಯಲ್ಲಿ ಇದು 1000 ದಾಟಬಾರದು ಅಂದಿದ್ದರು. ಕೋಣೆಗೆ ಹೊಸ ಗಾಳಿ ಸಾಕಷ್ಟು ಬರುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಇವತ್ತಿಗೂ ಇದೇ ಸುಲಭದ ಗುರುತು.

ಪ್ಯೂರಿಫೈಯರ್ ಹಾಕಿದೆವು. ವಾರ ಕಳೆದ ಹಾಗೆ ಅಂಕಿ ಇಳಿಯತೊಡಗಿತು. 1500 ಇದ್ದದ್ದು 1300, ಆಮೇಲೆ 1150, ನಾಲ್ಕು ತಿಂಗಳಿಗೆ 1000. ನನ್ನ ಖುಷಿ ಕೇಳಬೇಡಿ. ಬಣ್ಣಬಣ್ಣದ ಗ್ರಾಫ್ ಮಾಡಿ ಮೀಟಿಂಗಿನಲ್ಲಿ ತೋರಿಸಿದೆ, ಚಪ್ಪಾಳೆ ಬಿತ್ತು. ಅದೇ ವಾರ ಎಸಿ ಸರ್ವಿಸ್‌ನವರು ಹೊರಗಿನ ಗಾಳಿ ಒಳಗೆ ತರುವ ಫ್ರೆಶ್ ಏರ್ ಯೂನಿಟ್ ನಿಂತಿದೆ, ಬೆಲ್ಟ್ ಮತ್ತು ಮೋಟರ್ ಹಾಕಬೇಕು ಅಂತ ಕೊಟೇಶನ್ ಕಳಿಸಿದ್ದರು. "ನಮ್ಮ ಗಾಳಿ ಚೆನ್ನಾಗೇ ಇದೆ" ಅಂತ ನಾನೇ ಅದನ್ನು ಬದಿಗಿಟ್ಟೆ.

ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಟೀಮ್ ಲೀಡರ್ ಮಾತ್ರ ತಲೆನೋವು ಅನ್ನುತ್ತಲೇ ಇದ್ದಳು. ಮೂರನೇ ಸಲ ಬಂದಾಗ ಅವಳಿಗೂ ಗ್ರಾಫ್ ತೋರಿಸಿದೆ. "ಮೇಡಂ, ನನ್ನ ತಲೆಗೆ ನಿಮ್ಮ ಗ್ರಾಫ್ ಓದೋಕೆ ಬರಲ್ಲ" ಅಂದಳು. ಮುಂದಿನ ತಿಂಗಳು ಕೆಲಸ ಬಿಟ್ಟಳು. ಫಾರ್ಮಿನಲ್ಲಿ 'ಸ್ವಂತ ಕಾರಣ' ಅಂತ ಬರೆದಿದ್ದಳು.

ಒಂದು ದಿನ ಸರ್ವಿಸ್‌ಗೆ ಬಂದ ಎಸಿ ಹುಡುಗ ನನ್ನ ಗ್ರಾಫ್ ನೋಡಿ ನಿಂತುಬಿಟ್ಟ. "ಮೇಡಂ, ಬೆಳಗಿನ ಜಾವ ನಾಲ್ಕಕ್ಕೆ 405 ತೋರಿಸ್ತಿದೆ. ಒಳಗೆ 50 ಜನ ಇದ್ರಲ್ವಾ? ಉಸಿರಾಡ್ತಾ ಇರ್ಲಿಲ್ವಾ?"

ಅಲ್ಲಿಗೆ ನನ್ನ ಕಥೆ ಮುಗಿಯಿತು. ಮುಚ್ಚಿದ ಹಾಲ್, ಐವತ್ತು ಜನ, ಗಾಳಿ ಮಾತ್ರ ಕಬ್ಬನ್ ಪಾರ್ಕಿನದು! ನಾಲ್ಕು ತಿಂಗಳು ದಿನಾ ನೋಡಿದ ಗ್ರಾಫಿನಲ್ಲಿ ಇದು ನನಗೆ ಕಂಡಿರಲಿಲ್ಲ.

ಆದದ್ದೇನು ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆಯ ಕಾರ್ಬನ್ ಡೈಆಕ್ಸೈಡ್ ಮೀಟರ್‌ಗಳಲ್ಲಿ ಎನ್‌ಡಿಐಆರ್ ಅನ್ನೋ ಸೆನ್ಸರ್ ಇರುತ್ತದೆ. ಅದು ಗಾಳಿಯೊಳಗೆ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಎಷ್ಟು ಬೆಳಕು ನಡುವೆ ಹೀರಿಹೋಯಿತು ಅಂತ ಅಳೆಯುತ್ತದೆ. ಆ ದೀಪ ದಿನಕಳೆದಂತೆ ಮಂಕಾಗುತ್ತದೆ, ಅಳತೆ ತಪ್ಪುತ್ತದೆ. ಅದಕ್ಕೆ ತಯಾರಕರು ಒಂದು ಉಪಾಯ ಇಟ್ಟಿರುತ್ತಾರೆ. ಅದರ ಹೆಸರು ಎಬಿಸಿ, ಅಂದರೆ ಮೀಟರ್ ತನ್ನನ್ನು ತಾನೇ ಸರಿಮಾಡಿಕೊಳ್ಳುವುದು. ಸುಮಾರು ಒಂದು ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಅದು "ಇದು ಹೊರಗಿನ ಗಾಳಿ, 400" ಅಂತ ಅಂದುಕೊಂಡು, ಆ ಕಡೆಗೆ ಗೆರೆಯನ್ನು ಸರಿಸುತ್ತದೆ. ರಾತ್ರಿ ಬೀಗ ಹಾಕುವ ಆಫೀಸಿನಲ್ಲಿ, ಶಾಲೆಯಲ್ಲಿ ಇದು ಸರಿ. ಎಲ್ಲರೂ ಮನೆಗೆ ಹೋದ ಮೇಲೆ ಒಳಗಿನ ಗಾಳಿ ಹೊರಗಿನದಕ್ಕೆ ಸಮ ಆಗುತ್ತದೆ. ನಮ್ಮ ಫ್ಲೋರ್‌ನಲ್ಲಿ ಯಾರೂ ಮನೆಗೆ ಹೋಗುತ್ತಿರಲಿಲ್ಲವಲ್ಲ! ನಮ್ಮ ಅತಿ ಕಡಿಮೆ ಅಂಕಿಯೇ 900. ಮೀಟರ್ ಪಾಪ ಆ 900ನ್ನೇ 400 ಅಂತ ನಂಬಿತು. ಒಮ್ಮೆಲೇ ಅಲ್ಲ, ವಾರಕ್ಕೆ ಇಷ್ಟಿಷ್ಟು. ಅದಕ್ಕೇ ಗಾಳಿ ನಿಧಾನಕ್ಕೆ ಸುಧಾರಿಸಿದ ಹಾಗೆ ಕಂಡದ್ದು. ಹಗಲು ರಾತ್ರಿಯ ಏರಿಳಿತ ಇದ್ದ ಹಾಗೇ ಇತ್ತು, ಇಡೀ ಗೆರೆ ಕೆಳಗೆ ಜಾರಿತ್ತು ಅಷ್ಟೇ. ನಾಲ್ಕೂ ಮೀಟರ್ ಒಂದೇ ಕಂಪನಿಯವು, ಒಂದೇ ಫ್ಲೋರಿನವು. ನಾಲ್ಕೂ ಒಟ್ಟಿಗೆ ಸುಳ್ಳು ಹೇಳಿದವು. "ನಾಲ್ಕೂ ಒಂದೇ ತೋರಿಸ್ತಿವೆ, ಸರಿಯೇ ಇರಬೇಕು" ಅಂತ ನಾನು ಇನ್ನಷ್ಟು ನಂಬಿದೆ. ಎಬಿಸಿ ಆಫ್ ಮಾಡುವ ಬಟನ್ ಸೆಟ್ಟಿಂಗ್ಸ್‌ನಲ್ಲೇ ಇತ್ತು. ನಾನು ಆ ಪುಟ ತೆರೆದೇ ಇರಲಿಲ್ಲ.

ಮೀಟರ್ ಒಂದನ್ನು ಟೆರೇಸಿಗೆ ಒಯ್ದು, ಇಪ್ಪತ್ತು ನಿಮಿಷ ಬಿಟ್ಟು, ಅಲ್ಲಿನ ಗಾಳಿಗೆ ಅಳತೆ ಹೊಂದಿಸಿ, ಅಂದರೆ ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ ಕೆಳಗೆ ತಂದೆವು. 1560. ಅಂದರೆ ಆರು ಪ್ಯೂರಿಫೈಯರ್ ಹಾಕಿದ ಮೇಲೂ ಒಂದಿಷ್ಟೂ ಇಳಿದಿರಲಿಲ್ಲ. ಇಳಿಯುವುದೂ ಇಲ್ಲ. ಪ್ಯೂರಿಫೈಯರ್ ಒಳಗಿನ ಹೆಪಾ ಫಿಲ್ಟರ್ ಧೂಳು ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹಿಡಿಯುವುದಿಲ್ಲ. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ ಅಂಕಿ ಇಳಿದ ದಿನವೇ ಅನುಮಾನ ಬರಬೇಕಿತ್ತು.

ಆಮೇಲೆ ಫ್ರೆಶ್ ಏರ್ ಯೂನಿಟ್ ತೆರೆಸಿದೆ. ಬೆಲ್ಟ್ ತುಂಡಾಗಿತ್ತು. ಗಾಳಿ ಬರುವ ಕಿಂಡಿಗೆ ಯಾರೋ ಹಳೆಯ ಫ್ಲೆಕ್ಸ್ ಕಟ್ಟಿದ್ದರು. ಹೊರಗಿನ ಬಿಸಿ ಗಾಳಿ ಬರದಿದ್ದರೆ ಕರೆಂಟ್ ಬಿಲ್ ಕಮ್ಮಿ ಅಲ್ವಾ, ಅದಕ್ಕೇ ಇರಬೇಕು. ಸರಿಮಾಡಿಸಿದ ಖರ್ಚು ಎರಡು ಪ್ಯೂರಿಫೈಯರ್ ಬೆಲೆಯಷ್ಟೂ ಆಗಲಿಲ್ಲ. ಹಗಲಿನ ಅಂಕಿ 900ಕ್ಕೆ ಬಂದು ನಿಂತಿತು, ಈ ಸಲ ನಿಜವಾಗಿ. ಕೆಲಸ ಬಿಟ್ಟವಳಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ ಬಿಡಿ ಮೇಡಂ" ಅಂದಳು.

ಹಾಗಾಗಿ ನೀವು ಕೊಳ್ಳುವ ಮಾತು ಬಿಡಿ, ಮೊದಲು ನಿಮ್ಮ ಫ್ಲೋರಿಗೆ ಹೊರಗಿನ ಗಾಳಿ ಎಲ್ಲಿಂದ ಬರುತ್ತದೆ ಅಂತ ಕಟ್ಟಡದವರನ್ನು ಕೇಳಿ. "ಎಸಿ ಇದೆಯಲ್ಲ" ಅಂದರೆ ಒಪ್ಪಬೇಡಿ, ಜಾಗ ತೋರಿಸಿ ಅನ್ನಿ. ಕಿಂಡಿಗೆ ಟಿಶ್ಯೂ ಪೇಪರ್ ಹಿಡಿಯಿರಿ, ಒಳಕ್ಕೆ ಎಳೆಯಬೇಕು. ಬರೀ ಸ್ಪ್ಲಿಟ್ ಎಸಿ ಇದ್ದರೆ ಹೊಸ ಗಾಳಿ ಬರುವುದೇ ಇಲ್ಲ ಅಂತಲೇ ತಿಳಿಯಿರಿ. ಅವುಗಳಲ್ಲಿ ಹೆಚ್ಚಿನವು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತವೆ. ಒಂದು ಕಡೆ ಎಕ್ಸಾಸ್ಟ್ ಫ್ಯಾನ್, ಎದುರು ಕಡೆ ಗಾಳಿ ಬರಲು ದಾರಿ, ಎರಡೂ ಬೇಕು.

ಮೀಟರ್ ಒಂದೇ ಸಾಕು, ಒಳ್ಳೆಯದು ತಗೊಳ್ಳಿ. ಡಬ್ಬಿಯ ಮೇಲೆ ಎನ್‌ಡಿಐಆರ್ ಅಂತ ಇರಬೇಕು. ನೈಟ್ ಶಿಫ್ಟ್ ಇರೋದರಿಂದ ಎಬಿಸಿ ಆಫ್. ಅಗ್ಗದ ಎಷ್ಟೋ ಮೀಟರ್‌ಗಳು ಕಾರ್ಬನ್ ಡೈಆಕ್ಸೈಡ್ ಅಳೆಯುವುದೇ ಇಲ್ಲ. ಬೇರೆ ಅನಿಲ ನೋಡಿ ಅಂದಾಜು ಹೇಳುತ್ತವೆ, ಪಕ್ಕದಲ್ಲಿ ಸ್ಯಾನಿಟೈಜರ್ ಹಚ್ಚಿಕೊಂಡರೆ ಸಾವಿರ ದಾಟುತ್ತವೆ. ಇನ್ನೊಂದು ಮಾತು: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಆ ಎತ್ತರ ಹಾಕದಿದ್ದರೆ ಅಳತೆ ನೂರಕ್ಕೆ ಹತ್ತರಷ್ಟು ಕಮ್ಮಿ ಬರಬಹುದು. ಮಂಗಳೂರಿನವರಿಗೆ ಈ ತಲೆಬಿಸಿ ಇಲ್ಲ.

ಪ್ಯೂರಿಫೈಯರ್ ದಂಡ ಅಂತ ನಾನು ಹೇಳುತ್ತಿಲ್ಲ. ರಸ್ತೆ ಪಕ್ಕ ಇದ್ದರೆ, ಎದುರು ಕಟ್ಟಡ ಏಳುತ್ತಿದ್ದರೆ ಧೂಳಿಗೆ ಬೇಕಾಗಬಹುದು. ನಮ್ಮ ದೇಶದ ಮಿತಿ ಪ್ರಕಾರ ಪಿಎಂ 2.5, ಅಂದರೆ ಅತಿ ಸಣ್ಣ ಧೂಳಿನ ಕಣ, ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು, ವಿಶ್ವ ಆರೋಗ್ಯ ಸಂಸ್ಥೆ 15 ಅನ್ನುತ್ತದೆ. ಆದರೆ ಗಾಳಿ ಒಳಬರುವ ಕಿಂಡಿಗೇ ಒಳ್ಳೆಯ ಫಿಲ್ಟರ್ ಹಾಕಿಸಿದರೆ ಅರ್ಧ ಕೆಲಸ ಆಗುತ್ತದೆ. ಮೂಲೆಯಲ್ಲಿ ಶುಕ್ರವಾರದ ಅಗರಬತ್ತಿ ಹಚ್ಚಿಟ್ಟು ಪಕ್ಕದಲ್ಲೇ ಪ್ಯೂರಿಫೈಯರ್ ಓಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಿಡ ಇಡೋಣ ಅಂತ ಯಾರಾದರೂ ಅಂದೇ ಅನ್ನುತ್ತಾರೆ, ಇಡಲಿ, ನೋಡಲು ಚಂದ. ಗಿಡ ಗಾಳಿ ಶುದ್ಧ ಮಾಡುತ್ತದೆ ಅಂತ 1989ರ ನಾಸಾ ಪ್ರಯೋಗದ ಹೆಸರು ಹೇಳಿದರೆ ಮಾತ್ರ, ಅದು ಗಾಳಿಯಾಡದ ಪುಟ್ಟ ಪೆಟ್ಟಿಗೆಯೊಳಗೆ ಮಾಡಿದ್ದು ಅಂತ ನೆನಪಿಸಿ.

ಈಗಿನ ಆಫೀಸಿನಲ್ಲಿ ಪ್ರತಿ ಸೋಮವಾರ ಮೀಟರ್ ಎತ್ತಿಕೊಂಡು ಟೆರೇಸಿಗೆ ಹೋಗುತ್ತೇನೆ, ಟೀ ಮುಗಿಯುವವರೆಗೆ ಅದಕ್ಕೆ ಹೊರಗಿನ ಗಾಳಿ. ಸೆಕ್ಯುರಿಟಿ ಅಣ್ಣ ಪ್ರತಿ ಸಲವೂ ಕೇಳುತ್ತಾರೆ, "ಏನ್ ಮೇಡಂ, ಮಗೂನ ಸುತ್ತಾಡಿಸೋಕೆ ಬಂದ್ರಾ?" ನೀವು ಕಿಂಡಿ ಹುಡುಕಿ, ಅಲ್ಲಿ ಏನು ಕಟ್ಟಿದ್ದಾರೆ ಅಂತ ನನಗೆ ಹೇಳಿ. ಬ್ರ್ಯಾಂಡ್ ವಿಷಯ ಆಮೇಲೆ ಮಾತಾಡೋಣ.