ಅರೆಬೆಂದ ಆಟವನ್ನು ಯಾಕೆ ಹೊಗಳಿದಿರಿ?

ಚಿತ್ರದುರ್ಗದ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು. ಹಳೇ ಕಂಪ್ಯೂಟರ್ ಆಟಗಳ ಅಂಕಣದಲ್ಲಿ ಕಳೆದ ತಿಂಗಳು ನಾನು ‘ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್’ ಬಗ್ಗೆ ಬರೆದಿದ್ದೆ. ಅದನ್ನು ನಂಬಿ ಅವರು ಆಟ ಕೊಂಡರು. ಮೊದಲ ದಿನ ಶುರುವೇ ಆಗಲಿಲ್ಲ. ಹೇಗೋ ಶುರುವಾದ ಮೇಲೆ ಮೂರು ಸಲ ನಡುವೆಯೇ ಮುಚ್ಚಿಕೊಂಡಿತು. ಅರ್ಧ ದಾಟಿದ ಮೇಲೆ ಬರೀ ಹೊಡೆದಾಟ, ಈಗ ಹಾಲಿವುಡ್‌ನ ಚರಂಡಿಯೊಳಗೆ ಸಿಕ್ಕಿಹಾಕಿಕೊಂಡು ವಾರ ಕಳೆದಿದೆ. ‘ದಾವಣಗೆರೆಯಲ್ಲಿ ಕೂತು ಬರೆಯುತ್ತೀರಿ ಸಾರ್, ನಿಮ್ಮೂರಿನ ಹೋಟೆಲಿನವರು ಅರೆಬೆಂದ ದೋಸೆ ಕೊಟ್ಟರೂ ಹೀಗೇ ಹೊಗಳುತ್ತೀರಾ?’ ಅಂತ ಕೇಳಿದ್ದಾರೆ.

ನಮಸ್ಕಾರ ಮಿತ್ರರೇ,

ದೋಸೆ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಈ ಊರಲ್ಲಿ ಇದ್ದುಕೊಂಡು ಅದನ್ನು ಮುಂದಕ್ಕೆ ಹಾಕುವ ಹಾಗಿಲ್ಲ. ಹೊಗಳುವುದಿಲ್ಲ. ತಟ್ಟೆ ವಾಪಸ್ ಕಳಿಸುತ್ತೇನೆ, ಮೇಲೆ ಎಷ್ಟು ಬೆಣ್ಣೆ ಇದ್ದರೂ ಅಷ್ಟೇ.

ಇನ್ನು ನನ್ನ ತಪ್ಪು. ಆ ಅಂಕಣದಲ್ಲಿ ಒಂದು ಸಾಲು ಇರಬೇಕಿತ್ತು, ಇರಲಿಲ್ಲ. ಈ ಆಟವನ್ನು ಪ್ಯಾಚ್, ಅಂದರೆ ಆಟದ ದೋಷ ತಿದ್ದುವ ತೇಪೆ, ಹಾಕದೆ ಶುರು ಮಾಡಬಾರದು. ನಾನು ಎಷ್ಟೋ ವರ್ಷದಿಂದ ಹಾಗೇ ಆಡುತ್ತಿದ್ದೇನೆ. ಹೊರಗೆ ಹೊರಟವರಿಗೆ ಚಪ್ಪಲಿ ಹಾಕಿಕೊಳ್ಳಿ ಅಂತ ಯಾರೂ ಹೇಳುವುದಿಲ್ಲವಲ್ಲ, ಹಾಗೆ ಹೇಳದೇ ಬಿಟ್ಟೆ. ನೀವು ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಂಡಿದ್ದೀರಿ. ಅಲ್ಲಿ ಪ್ಯಾಚ್ ಜೊತೆಗೆ ಬರುವುದಿಲ್ಲ, ಬೇರೆಯಾಗಿ ಇಳಿಸಿಕೊಳ್ಳಬೇಕು. ಜಿಒಜಿ ಅನ್ನುವ ಇನ್ನೊಂದು ಅಂಗಡಿಯಲ್ಲಿ ಕೊಂಡವರಿಗೆ ಅದು ಆಟದೊಳಗೇ ಇರುತ್ತದೆ. ಪ್ಯಾಚ್‌ನಲ್ಲಿ ಎರಡು ಬಗೆ, ಬೇಸಿಕ್ ಮತ್ತು ಪ್ಲಸ್. ಬೇಸಿಕ್ ಬರೀ ರಿಪೇರಿ. ಪ್ಲಸ್‌ನಲ್ಲಿ ಕಂಪನಿಯವರು ಅರ್ಧಕ್ಕೆ ಕೈಬಿಟ್ಟ ಕೆಲವು ಭಾಗಗಳನ್ನೂ ಮತ್ತೆ ಸೇರಿಸಿದ್ದಾರೆ. ನಿಮಗೆ ಈಗ ಬೇಸಿಕ್ ಸಾಕು. ಇದನ್ನು ಮಾಡಿದ್ದು ಕಂಪನಿ ಅಲ್ಲ, ಅಭಿಮಾನಿಗಳು. ಅದರಲ್ಲೂ ಜರ್ಮನಿಯ ಒಬ್ಬ ಅಭಿಮಾನಿ ತನ್ನ ಕೆಲಸ ಮುಗಿಸಿಕೊಂಡು ಬಂದು, ಬಿಡುವಿನಲ್ಲಿ, ವರ್ಷಗಟ್ಟಲೆ ಇದನ್ನು ಕೂತು ತಿದ್ದಿದ್ದಾರೆ. ಒಬ್ಬ ಮನುಷ್ಯನಿಗೆ ಬೇರೆಯವರ ಮುರಿದ ಆಟದ ಮೇಲೆ ಅಷ್ಟು ಜೀವ ಯಾಕೆ ಇರಬೇಕು ಅನ್ನುವುದೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಆದರೆ ಅರ್ಧ ಉತ್ತರಕ್ಕೆ ನೀವು ಒಪ್ಪುವವರಲ್ಲ ಅಂತ ಪತ್ರ ನೋಡಿದರೆ ಗೊತ್ತಾಗುತ್ತದೆ.

ಆಟ ಮುರಿದಿದ್ದು ಯಾಕೆ ಅಂತ ಸ್ವಲ್ಪ ಹೇಳುತ್ತೇನೆ. ಟ್ರೋಯಿಕಾ ಗೇಮ್ಸ್ ಅಂತ ಒಂದು ಸಣ್ಣ ಕಂಪನಿ. 1998ರಲ್ಲಿ ಮೂರು ಜನ ಸೇರಿ ಕಟ್ಟಿದ್ದು. ಮೂವರೂ 1997ರ ಮೊದಲ ‘ಫಾಲ್‌ಔಟ್’ ಆಟದಲ್ಲಿ ಕೆಲಸ ಮಾಡಿದವರು. ಟ್ರೋಯಿಕಾ ಹೊರಗೆ ತಂದಿದ್ದು ಒಟ್ಟು ಮೂರೇ ಆಟ. ಬ್ಲಡ್‌ಲೈನ್ಸ್ ಮೂರನೆಯದು, ಕೊನೆಯದು. ಇದಕ್ಕೆ ಅವರು ಬಳಸಿದ್ದು ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್ (ಆಟವನ್ನು ಒಳಗಿಂದ ಓಡಿಸುವ ತಂತ್ರಾಂಶ), ಅಂದರೆ ಜನ ಕಾದು ಕೂತಿದ್ದ ವಾಲ್ವ್‌ನವರದೇ ಆಟ ‘ಹಾಫ್-ಲೈಫ್ 2’ರದ್ದೇ ಎಂಜಿನ್. ಆದರೆ ಆಗ ಅದು ಪೂರ್ತಿಯಾಗಿರಲಿಲ್ಲ. ಒಂದು ಕಡೆ ತಳಪಾಯ ಹಾಕುತ್ತಿದ್ದಾರೆ, ಇನ್ನೊಂದು ಕಡೆ ಇವರು ಅದರ ಮೇಲೆ ಗೋಡೆ ಎಬ್ಬಿಸುತ್ತಿದ್ದಾರೆ. ಮೇಲಾಗಿ ಹಾಫ್-ಲೈಫ್ 2 ಬರುವ ಮುಂಚೆ ಇದು ಬರಬಾರದು ಅನ್ನುವ ಕರಾರು ಬೇರೆ. ಕೊನೆಗೆ 2004ರ ನವೆಂಬರ್ 16ರಂದು ಎರಡೂ ಒಂದೇ ದಿನ ಅಂಗಡಿಗೆ ಬಂದವು. ಆವತ್ತು ಜನ ಯಾವುದನ್ನು ಕೊಂಡರು ಅಂತ ನಾನು ಹೇಳಬೇಕಾಗಿಲ್ಲ. 2005ರ ಫೆಬ್ರವರಿಯಲ್ಲಿ ಟ್ರೋಯಿಕಾ ಬಾಗಿಲು ಹಾಕಿತು.

ಆ ಮೊದಲ ಆವೃತ್ತಿ ಹೇಗಿತ್ತು ಗೊತ್ತಾ? ಮುಕ್ಕಾಲು ಆಟ ದಾಟಿ, ಲಿಯೋಪೋಲ್ಡ್ ಸೊಸೈಟಿ ಅನ್ನುವ ಜಾಗ ಮುಗಿಸಿ, ದೋಣಿ ಹತ್ತಿ ಹೊರಡಬೇಕು ಅನ್ನುವಾಗ ಆಟವೇ ನಿಂತುಬಿಡುತ್ತಿತ್ತು. ದೋಣಿ ಇದೆ, ದಡ ಇದೆ, ಹೋಗುವ ಹಾಗಿಲ್ಲ. ಪೂರ್ತಿ ದುಡ್ಡು ಕೊಟ್ಟು ಕೊಂಡು, ಆ ದೋಣಿವರೆಗೆ ಬಂದವರು ಡಿಸ್ಕನ್ನು ಕಿಟಕಿಯಿಂದ ಆಚೆ ಎಸೆದಿದ್ದರೂ ನಾನು ಅವರ ಕಡೆಗೇ. ಅವಸರದಲ್ಲಿ ಮಾರಿದವರಿಗೆ ನನ್ನ ವಕಾಲತ್ತು ಇಲ್ಲ.

ಈಗ ಚರಂಡಿ. ನಿಮ್ಮ ಸಿಟ್ಟಿನಲ್ಲಿ ಬಹುಪಾಲು ಇರುವುದು ಅಲ್ಲಿ, ಮತ್ತೆ ಅದು ನ್ಯಾಯವಾದ ಸಿಟ್ಟು. ನೀವು ಆಟದ ರಕ್ತಪಿಶಾಚಿ ಕುಲಗಳಲ್ಲಿ ಟೊರಿಯಾಡೋರ್ ಆರಿಸಿಕೊಂಡು, ಬಂದ ಅಂಕವನ್ನೆಲ್ಲ ಮಾತಿಗೆ, ಮೋಡಿಗೆ, ಬೀಗ ತೆಗೆಯುವುದಕ್ಕೆ ಸುರಿದಿದ್ದೀರಿ. ಆಟವೇ ಹಾಗೆ ಮಾಡಿ ಅಂತ ನಿಮಗೆ ಕಲಿಸಿದ್ದು. ಈ ಆಟದಲ್ಲಿ ಎಷ್ಟು ಜನರನ್ನು ಹೊಡೆದಿರಿ ಅಂತ ಅಂಕ ಸಿಗುವುದಿಲ್ಲ, ಒಪ್ಪಿಕೊಂಡ ಕೆಲಸ ಮುಗಿಸಿದರೆ ಸಿಗುತ್ತದೆ. ಮಾತಾಡಿ ಮುಗಿಸಿದರೂ ಸರಿ, ಕದ್ದು ಮುಗಿಸಿದರೂ ಸರಿ. ಸಾಂಟಾ ಮೋನಿಕಾದಲ್ಲಿ ಗಂಟೆಗಟ್ಟಲೆ ಹೀಗೆ ಮುದ್ದು ಮಾಡಿ ಬೆಳೆಸಿದ ಆಟ, ಹಾಲಿವುಡ್‌ಗೆ ಬಂದ ಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ನಿಮ್ಮನ್ನು ಚರಂಡಿಗೆ ಇಳಿಸಿ, ಮಾಂಸದ ಮುದ್ದೆಯಂಥ ಜೀವಿಗಳನ್ನು ಮೈಮೇಲೆ ಬಿಡುತ್ತದೆ. ಅವಕ್ಕೆ ಕಿವಿ ಇಲ್ಲ, ನಿಮ್ಮ ಮಾತು ಕೇಳುವುದಿಲ್ಲ. ಕಷ್ಟ ಅನ್ನುವುದು ತಕರಾರಲ್ಲ. ಮೊದಲ ಅರ್ಧದಲ್ಲಿ ಒಂದು ಮಾತು ಕೊಟ್ಟು ಎರಡನೇ ಅರ್ಧದಲ್ಲಿ ಮುರಿದರಲ್ಲ, ಅದು ತಕರಾರು. ಯಾವ ಪ್ಯಾಚ್ ಹಾಕಿದರೂ ಅದು ಪೂರ್ತಿ ಸರಿಹೋಗುವುದಿಲ್ಲ. ಇದನ್ನು ಅಂಕಣದಲ್ಲಿ ಬರೆಯಬೇಕಿತ್ತು ಅಂದಿದ್ದೀರಿ. ಬರೆದಿದ್ದೆ ಸ್ವಾಮಿ, ಕೊನೆಯ ಪ್ಯಾರಾದಲ್ಲಿ, ಒಂದು ವಾಕ್ಯ. ಸಾಲದಾಗಿತ್ತು, ಒಪ್ಪಿದೆ.

ಹಾಗಿದ್ದೂ ನಾನು ಯಾಕೆ ವರ್ಷಕ್ಕೊಂದು ಸಲ ಇದನ್ನು ತೆಗೆದು ಕೂರುತ್ತೇನೆ?

ನಮ್ಮೂರು ಜಗಳೂರು ತಾಲೂಕಿನಲ್ಲಿ. ಚಿಕ್ಕವನಿದ್ದಾಗ ಜಾತ್ರೆ ಮುಗಿದ ಮೇಲೆ ಊರವರೇ ಸೇರಿ ಒಂದು ಸಾಮಾಜಿಕ ನಾಟಕ ಆಡುತ್ತಿದ್ದರು. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತಿದ್ದವು, ಹಾಡುವ ನಟಿಯರನ್ನು ಹೊರಗಿನಿಂದ ಕರೆಸುತ್ತಿದ್ದರು. ಒಂದು ವರ್ಷ ಎರಡನೇ ಅಂಕದ ನಡುವೆ ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ನೆಲದಿಂದ ಮೊಣಕಾಲಿನವರೆಗೆ ಮಾತ್ರ ಕಾಣುತ್ತಿದೆ. ಗೌಡನ ಪಾತ್ರದವನ ಬಾಡಿಗೆ ಬೂಟು ಒಂದು ಕಡೆ, ನಾಯಕಿಯ ಗೆಜ್ಜೆ ಇನ್ನೊಂದು ಕಡೆ, ನಡುವೆ ಯಾರದೋ ಬರಿಗಾಲು ಟೀ ಲೋಟ ಹಿಡಿದುಕೊಂಡು ಓಡಾಡುತ್ತಿದೆ. ಪೇಟಿ ಮಾಸ್ತರು ಪಾಪ, ಒಂದೇ ರಾಗವನ್ನು ಇಪ್ಪತ್ತು ನಿಮಿಷ ಎಳೆದರು. ಹಿಂದೆ ಕೂತ ಹುಡುಗರು ಸಿಳ್ಳೆ ಹೊಡೆದರು. ಆದರೂ ಒಬ್ಬರೂ ಎದ್ದು ಮನೆಗೆ ಹೋಗಲಿಲ್ಲ. ಯಾಕೆಂದರೆ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ನಮ್ಮೂರಿನವರೊಬ್ಬರು ಕುಡುಕ ಗಂಡನ ಪಾತ್ರ ಮಾಡುವ ಸೀನು ಇನ್ನೂ ಬಾಕಿ ಇತ್ತು. ಬೆಳಗಿನ ನಾಲ್ಕಕ್ಕೆ ಅವರು ಬಂದರು. ಪರದೆ ಹಾಗೇ ಇತ್ತು. ಊರುಗೋಲಿನಿಂದ ಅದನ್ನು ಮೇಲೆತ್ತಿ, ಬಗ್ಗಿ ಒಳಗೆ ಬಂದು, ‘ಈ ಮನೆ ಬಾಗಿಲು ನನಗೆ ಯಾವತ್ತು ಸರಿಯಾಗಿ ತೆಗೆದಿದೆ?’ ಅಂದರು. ಪುಸ್ತಕದಲ್ಲಿ ಇಲ್ಲದ ಮಾತು. ಮುಂದಿನ ಅರ್ಧ ಗಂಟೆ ಪರದೆ ಅನ್ನುವುದು ಒಂದಿದೆ ಅಂತಲೇ ಮರೆತುಹೋಯಿತು.

ಹಾಗಂತ ಪರದೆ ಸಿಕ್ಕಿಕೊಂಡಿದ್ದು ಒಳ್ಳೆಯದಾಯಿತು ಅಂತ ಯಾರೂ ಅನ್ನಲಿಲ್ಲ. ಮರುವರ್ಷ ಬೇರೆ ಕಡೆಯಿಂದ ಸೀನರಿ ತರಿಸಿದರು. ಆದರೆ ಆ ಸೀನು ಮರುವರ್ಷ ಇರಲಿಲ್ಲ. ಸೀನರಿಯನ್ನು ದುಡ್ಡು ಕೊಟ್ಟು ತರಿಸಬಹುದು, ಗಿರಣಿಯವರನ್ನು ಹಾಗೆ ತರಿಸುವುದಕ್ಕೆ ಆಗುವುದಿಲ್ಲವಲ್ಲ.

ಬ್ಲಡ್‌ಲೈನ್ಸ್‌ನ ಗಿರಣಿಯವರು ಯಾರು ಅಂತ ನಿಮಗೆ ಚೆನ್ನಾಗಿ ಗೊತ್ತಿದೆ. ನಿಮ್ಮದೇ ಪತ್ರದ ನಾಲ್ಕನೇ ಪುಟ ತೆಗೆದು ನೋಡಿ. ಮೂರು ಪುಟ ಬೈದವರು ಅಲ್ಲಿ ಓಷನ್ ಹೌಸ್ ಹೋಟೆಲಿನ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ, ರಾತ್ರಿ ಎರಡು ಗಂಟೆಗೆ ಎದ್ದು ಟ್ಯೂಬ್‌ಲೈಟ್ ಹಾಕಿಕೊಂಡೆ ಅಂತಲೂ ಬರೆದಿದ್ದೀರಿ! ಆಡದವರಿಗೋಸ್ಕರ ಹೇಳುತ್ತೇನೆ. ಪಾಳುಬಿದ್ದ ಹೋಟೆಲು, ಒಳಗಿಂದ ಒಂದು ಪದಕ ತರಬೇಕು. ಅಲ್ಲಿ ಶತ್ರು ಅನ್ನುವವರು ಒಬ್ಬರೂ ಇಲ್ಲ. ಬಲ್ಬು ಒಡೆಯುತ್ತದೆ, ಅಡುಗೆಮನೆಯಲ್ಲಿ ಪಾತ್ರೆ ಹಾರಿ ಬರುತ್ತವೆ, ಮೆಟ್ಟಿಲು ಕಾಲಡಿಯಲ್ಲೇ ಕುಸಿಯುತ್ತದೆ. ಹಳೇ ಪೇಪರ್ ತುಂಡುಗಳಲ್ಲಿ ಆ ಮನೆಯವರಿಗೆ ಏನಾಯಿತು ಅನ್ನುವುದು ಚೂರು ಚೂರಾಗಿ ಸಿಗುತ್ತದೆ. ಮಜಾ ಏನೆಂದರೆ ಹೆದರುತ್ತಿರುವ ನೀವೇ ರಕ್ತಪಿಶಾಚಿ. ಊರೆಲ್ಲ ನಿಮಗೆ ಹೆದರಬೇಕು. ಕೋರೆಹಲ್ಲು, ಬಲ ಎಲ್ಲ ಇದೆ, ಕಚ್ಚುವುದಕ್ಕೆ ಎದುರಿಗೆ ಮೈಯೇ ಇಲ್ಲ.

ನೀವು ಮ್ಯಾಲ್ಕೇವಿಯನ್ ಕುಲ ಹಿಡಿದು ಇನ್ನೂ ಆಡಿಲ್ಲ. ಅವರಿಗೆ ತಲೆ ಸರಿ ಇಲ್ಲ. ಹಾಗಾಗಿ ನೀವು ಆಡುವ ಮಾತುಗಳನ್ನೇ ಪೂರ್ತಿ ಬೇರೆಯಾಗಿ ಬರೆದಿದ್ದಾರೆ. ಟೀವಿ ವಾರ್ತೆ ಓದುವವನ ಜೊತೆ ಮಾತಿಗಿಳಿಯಬಹುದು, ರಸ್ತೆ ಪಕ್ಕದ ‘ನಿಲ್ಲಿ’ ಫಲಕದ ಜೊತೆ ಜಗಳಕ್ಕೆ ನಿಲ್ಲಬಹುದು. ಕೈಯಲ್ಲಿ ದುಡ್ಡಿಲ್ಲ, ದಿನ ಇಲ್ಲ, ಎಂಜಿನ್ ಕೈಕೊಡುತ್ತಿದೆ, ಅಂಥ ಹೊತ್ತಲ್ಲಿ ಏಳು ಕುಲಗಳ ಪೈಕಿ ಒಂದೇ ಒಂದಕ್ಕೋಸ್ಕರ ಇಷ್ಟು ಬರೆದು ಕೂತರಲ್ಲ! ಲೆಕ್ಕ ಇಡುವವರು ಯಾರಾದರೂ ಕಂಪನಿಯಲ್ಲಿ ಇದ್ದಿದ್ದರೆ ಮೊದಲು ಅದನ್ನೇ ಕತ್ತರಿಸುತ್ತಿದ್ದರು. ದೋಣಿ ಸರಿ ಮಾಡುವುದು ಬಿಟ್ಟು ಫಲಕಕ್ಕೆ ಮಾತು ಬರೆದರು ಅಂತ ನೀವು ಬೈಯಬಹುದು. ನಾನೂ ಬೈಯುತ್ತೇನೆ. ಆದರೆ ನೋಡಿ, ದೋಣಿಯನ್ನು ಆಮೇಲೆ ಸರಿ ಮಾಡಿದರು. ಬರೆಯದೇ ಬಿಟ್ಟಿದ್ದರೆ ಆ ಫಲಕದ ಮಾತನ್ನು ಆಮೇಲೆ ಯಾರು ತಂದು ಹಾಕುತ್ತಿದ್ದರು?

ಇದೊಂದೇ ಆಟ ಹೀಗೆ ಅಂತ ಅಲ್ಲ. ಅದೇ ಹೊತ್ತಿಗೆ ಬಂದ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2’ರ ಕೊನೆಯ ಭಾಗವನ್ನೂ ಅವಸರಕ್ಕೆ ಕತ್ತರಿಸಿದ್ದರು, ಅದನ್ನೂ ಅಭಿಮಾನಿಗಳೇ ಹೊಲಿದು ಕೂಡಿಸಿದರು. ‘ಸೈಬರ್‌ಪಂಕ್ 2077’ ಕಥೆ ನಿಮಗೆ ಗೊತ್ತಿರುವುದೇ. 2020ರ ಡಿಸೆಂಬರ್‌ನಲ್ಲಿ ಬಂತು, ಒಂದೇ ವಾರದಲ್ಲಿ ಸೋನಿಯವರು ತಮ್ಮ ಅಂಗಡಿಯಿಂದ ತೆಗೆದರು. 2023ರ ಸೆಪ್ಟೆಂಬರ್‌ನಲ್ಲಿ 2.0 ಪ್ಯಾಚ್ ಬರುವ ಹೊತ್ತಿಗೆ ಅದೇ ಆಟ ಬೇರೆಯಾಗಿತ್ತು. ಅವರ ಹತ್ತಿರ ಮೂರು ವರ್ಷ ಕೂತು ತಿದ್ದುವುದಕ್ಕೆ ದುಡ್ಡಿತ್ತು. ಟ್ರೋಯಿಕಾಗೆ ನಾಲ್ಕು ತಿಂಗಳೂ ಸಿಗಲಿಲ್ಲ.

ಇನ್ನು ಚರಂಡಿಯಿಂದ ಹೊರಗೆ ಬರುವ ದಾರಿ. ನೀವು ದುರ್ಗದವರು, ಇದನ್ನು ನಾನು ಹೇಳಿಕೊಡಬೇಕಾಗಿ ಬಂದಿದ್ದೇ ನಾಚಿಕೆಗೇಡು. ಬಯಲಾದ ಜಾಗದಲ್ಲಿ ನಿಲ್ಲಬೇಡಿ. ಇಕ್ಕಟ್ಟಾದ ಬಾಗಿಲು ನೋಡಿಕೊಂಡು, ಅದರ ಈಚೆ ನಿಂತು, ಬಂದಹಾಗೆ ಒಂದೊಂದನ್ನೇ ನೋಡಿಕೊಳ್ಳಿ. ನಿಮ್ಮ ಕೋಟೆಯ ಕಿಂಡಿ ಹತ್ತಿರ ಓಬವ್ವ ಮಾಡಿದ್ದು ಇದೇ ಅಲ್ವಾ? ಒನಕೆ ಮಾತ್ರ ಈ ಆಟದಲ್ಲಿ ಇಲ್ಲ, ಬೇಸ್‌ಬಾಲ್ ಬ್ಯಾಟ್ ಇದೆ. ಆದರೆ ನಿಮಗೆ ಬಂದೂಕೇ ವಾಸಿ. ಗುರಿ ಇಟ್ಟರೂ ಗುಂಡು ಪಕ್ಕಕ್ಕೆ ಹೋಗುತ್ತದೆ, ಮೌಸ್ ಬದಲಾಯಿಸಿದೆ ಅಂತ ಬರೆದಿದ್ದೀರಿ. ಮೌಸ್ ಸರಿಯಾಗಿದೆ. ನಿಮ್ಮ ಪಾತ್ರಕ್ಕೆ ಫೈರ್‌ಆರ್ಮ್ಸ್ ಅಂಕ ಕಮ್ಮಿ ಇದೆ, ಕೈ ನಡುಗುತ್ತದೆ. ಇನ್ನು ಮೇಲೆ ಬರುವ ಅಂಕವನ್ನೆಲ್ಲ ಅದಕ್ಕೆ ಹಾಕಿ, ಮಾತು ಸಾಕು. ಟೊರಿಯಾಡೋರ್‌ಗೆ ಸೆಲೆರಿಟಿ ಅನ್ನುವ ಶಕ್ತಿ ಇದೆ, ಹಾಕಿದರೆ ಸುತ್ತಲಿನ ಲೋಕ ನಿಧಾನವಾಗುತ್ತದೆ. ಅದನ್ನು ನೀವು ಮುಟ್ಟಿಯೇ ಇಲ್ಲ ಅಂತ ನನ್ನ ಅನುಮಾನ. ಅದಕ್ಕೆ ರಕ್ತ ಖರ್ಚಾಗುತ್ತದೆ, ಸಾಲದೆ ಬಂದರೆ ಇಲಿ ಹಿಡಿದು ಕುಡಿಯಿರಿ, ಸುಮ್ನೆ ಮರ್ಯಾದೆ ನೋಡಬೇಡಿ. ಮತ್ತೆ ಪ್ರತಿ ಬಾಗಿಲಿಗೂ ಸೇವ್ ಮಾಡಿ, ಒಂದೇ ಫೈಲಿನ ಮೇಲೆ ಅಲ್ಲ, ಬೇರೆ ಬೇರೆ ಫೈಲಿಗೆ. ನಾನು ಇದನ್ನು ಮೊದಲು ಆಡಿದಾಗ ಪಿ.ಬಿ. ರಸ್ತೆ ಹಿಂದಿನ ಒಂದು ರೂಮಿನಲ್ಲಿದ್ದೆ. ದಿನಕ್ಕೆ ಎರಡು ಸಲ ಕರೆಂಟ್ ಹೋಗುತ್ತಿತ್ತು, ಯುಪಿಎಸ್ ಕೂಗಿಕೊಂಡು ಎರಡು ನಿಮಿಷ ಬದುಕುತ್ತಿತ್ತು. ಆ ಎರಡು ನಿಮಿಷದಲ್ಲಿ ಸೇವ್ ಮಾಡುವ ಬೆರಳು ಇವತ್ತಿಗೂ ತಾನಾಗಿ ಓಡುತ್ತದೆ.

ಪ್ಯಾಚ್ ಹಾಕುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ, ಅದೇ ಅಂಕಣದ ಮೇಲ್ಭಾಗದಲ್ಲೇ ಅಚ್ಚು ಹಾಕಿಸುತ್ತೇನೆ. ನಿಮ್ಮ ಪತ್ರದ ಬೈಗುಳವನ್ನೂ ಕತ್ತರಿಸದೆ ಹಾಕುತ್ತೇವೆ, ಒಂದೆರಡು ಪದ ಬಿಟ್ಟು. ಈ ಕಡೆ ಬಂದರೆ ಕಚೇರಿಗೆ ಬನ್ನಿ, ಚೆನ್ನಾಗಿ ಬೆಂದ ದೋಸೆ ನನ್ನ ಲೆಕ್ಕದಲ್ಲಿ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಅರ್ಧಕ್ಕೆ ನಿಂತಿದೆ. ಸಾಂಟಾ ಮೋನಿಕಾದ ಆಸ್ಪತ್ರೆಯಲ್ಲಿ ಸಾಯುತ್ತಾ ಮಲಗಿದ್ದ ಹೀದರ್ ಅನ್ನುವ ಹುಡುಗಿಗೆ ಅಯ್ಯೋ ಪಾಪ ಅಂತ ನಿಮ್ಮ ರಕ್ತ ಕೊಟ್ಟು ಬದುಕಿಸಿದಿರಿ. ಒಳ್ಳೆಯದು ಮಾಡಿದೆ ಅಂದುಕೊಂಡಿರಿ, ನಾನೂ ಮೊದಲ ಸಲ ಹಾಗೇ ಅಂದುಕೊಂಡಿದ್ದೆ. ಆಮೇಲೆ ಅವಳು ಹುಡುಕಿಕೊಂಡು ಬಂದಳು. ನಿಮ್ಮನ್ನು ಬಿಟ್ಟು ಇರಲಾರೆ ಅಂದಳು. ಅದು ಅವಳ ಪ್ರೀತಿ ಅಲ್ಲ, ಒಳಗಿರುವ ನಿಮ್ಮ ರಕ್ತ ಆಡಿಸುವ ಮಾತು. ಒಂದು ದಿನ ನಿಮಗೆ ಹಸಿವಾಗಿರಬಹುದು ಅಂತ ಯಾರೋ ಒಬ್ಬನನ್ನು ಪುಸಲಾಯಿಸಿ ಕರೆತಂದು ಬಚ್ಚಲುಮನೆಯಲ್ಲಿ ಕೂಡಿಹಾಕಿದ್ದಳು. ಅಲ್ಲಿವರೆಗೆ ಬರೆದು, ‘ನನಗೆ ಒಂಥರಾ ಆಯಿತು’ ಅಂದು, ಮತ್ತೆ ಚರಂಡಿಯ ಬೈಗುಳಕ್ಕೆ ಹೊರಳಿದ್ದೀರಿ.

ಅವಳನ್ನು ಮನೆಯಲ್ಲೇ ಇಟ್ಟುಕೊಂಡಿರಾ, ಕಳಿಸಿದಿರಾ? ಬರೆಯಿರಿ.