ಬಟನ್ ಒತ್ತಿದ್ಮ್ಯಾಲ ಆ ಒಂದೂವರೆ ನಿಮಿಷ

ಪ್ರಶ್ನೆ: ನಮ್ದು ಗಂಗಾವತ್ಯಾಗ ರೈಸ್ ಮಿಲ್ಲು, ಆಫೀಸ್ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸೀವಿ. ರಾತ್ರಿ ಶಟ್‌ಡೌನ್ ಕೊಟ್ರ 'ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್' ಅಂತ ಒಂದೂವರೆ ನಿಮಿಷ ಎಣಿಸ್ಕೋತ ಕುಂದರತೈತಿ. ಮಗ ತಡೀಲಾರ್ದ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡ್ತಾನ, ಆಗ ಹಾರ್ಡ್‌ಡಿಸ್ಕ್ ಟಕ್ ಅಂತೈತಿ. ಏನರ ಲುಕ್ಸಾನ ಐತೇನ್ರಿ?

ಉತ್ತರ: ಮೊದ್ಲು ಮಗನ ಕೈ ಹಿಡೀರಿ. ಲಾರಿ ಬಂದಾಗ ನಿಮ್ಮ ಗುಮಾಸ್ತ ತೂಕಾನ ಚೀಟಿ ಮ್ಯಾಲ ಗೀಚ್ಕೊಂಡು ಖಾತೆ ಬುಕ್ಕಿಗೆ ಸಂಜೀಕ ಏರಸ್ತಾನಲ್ರಿ, ಹಂಗ ನೀವು ಸೇವ್ ಕೊಟ್ಟಿದ್ದೆಲ್ಲಾ ಆಗಿಂದಾಗ ಡಿಸ್ಕಿಗೆ ಹೋಗಂಗಿಲ್ಲ, ರ್‍ಯಾಮ್‌ನಾಗ ಸುಮಾರು 30 ಸೆಕೆಂಡ್ ತನಕ ಕುಂತಿರಬಹುದು, ಅಲ್ಲಿಂದ ಹೋದ್ರೂ ಡಿಸ್ಕಿನ ಸ್ವಂತ ಕ್ಯಾಶ್ ಅಂತ ಇನ್ನೊಂದು ಚೀಟಿ ಕಟ್ಟು ಐತಿ. ಶಟ್‌ಡೌನ್ ಅಂದ್ರ ಈ ಚೀಟಿ ಎಲ್ಲಾ ಖಾತೆಗೆ ಏರಿಸೋ ಕೆಲಸ.

ಲಿನಕ್ಸ್‌ನಾಗ ಪ್ರೋಗ್ರಾಂಗಳನ್ನ ಚಾಲು-ಬಂದ್ ಮಾಡೋ ಮೇಸ್ತ್ರಿ ಸಿಸ್ಟಮ್‌ಡಿ. ಅದು ಎಲ್ಲಾ ಪ್ರೋಗ್ರಾಂಗೂ 'ಮುಗಿಸ್ಕೋರಪಾ' ಅಂತ ಸಿಗ್‌ಟರ್ಮ್ ಅನ್ನೋ ಸೂಚನಾ ಕಳಸಿ ಡೀಫಾಲ್ಟ್ 90 ಸೆಕೆಂಡ್ ಕಾಯ್ತೈತಿ, ನಿಮ್ಮ ಒಂದೂವರೆ ನಿಮಿಷ ಇದೇ ನೋಡ್ರಿ, ಆದ್ರೂ ಕೇಳ್ಲಿಲ್ಲಂದ್ರ ಸಿಗ್‌ಕಿಲ್ ಹಾಕಿ ಜಬರ್ದಸ್ತಿ ನಿಲ್ಲಿಸಿ, ಡಿಸ್ಕ್‌ಗಳನ್ನ ಒಂದೊಂದಾಗಿ ಅನ್‌ಮೌಂಟ್ ಮಾಡ್ತೈತಿ, ಅಂದ್ರ ಬಳಕೆಯಿಂದ ಬಿಡಸ್ತೈತಿ. ಮಜಾ ಇರೋದು ಲಿನಕ್ಸ್ ತಾನೇ ಕುಂತಿರೋ ರೂಟ್ ಡಿಸ್ಕ್‌ನಾಗ. ಬೀಗ ಹಾಕೋನು ಗೋದಾಮಿನ ಒಳಗೇ ನಿಂತಿದ್ರ ಹೊರಗಿನ ಬೀಗ ಹೆಂಗ ಹಾಕ್ತಾನ? ಅದಕ್ಕ ಕೆಲವು ಲಿನಕ್ಸ್‌ಗಳು ರ್‍ಯಾಮ್‌ನಾಗಿರೋ ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಪುಟ್ಟ ತಾತ್ಕಾಲಿಕ ಸಿಸ್ಟಮ್‌ಗೆ ಜಿಗಿದು ಅಲ್ಲಿಂದ ರೂಟ್ ಬಿಡಸ್ತಾವ, ಉಳಿದವು ಅದನ್ನ ರೀಡ್ ಓನ್ಲಿ (ಬರೇ ಓದಾಕ) ಮಾಡಿ ಮುಗಿಸ್ತಾವ. ಕೊನಿಗೆ ಲಿನಕ್ಸ್‌ನ ತಿರುಳಾದ ಕರ್ನಲ್ಲು ಡಿಸ್ಕಿಗೆ ಕ್ಯಾಶ್ ಖಾಲಿ ಮಾಡು, ಓದಿ-ಬರಿಯೋ ಹೆಡ್‌ನ ಪಕ್ಕಕ್ಕ ಪಾರ್ಕ್ ಮಾಡಿ ಮೋಟಾರ್ ನಿಲ್ಲಸು ಅಂತೈತಿ.

ಆ ಟಕ್ ಸದ್ದು ಏನಂದ್ರ, ಕರೆಂಟ್ ದಿಢೀರ್ ಹೋದಾಗ ಡಿಸ್ಕು ತಿರುಗ್ತಿರೋ ತಟ್ಟೆಯ ವೇಗದಿಂದಲೇ ಒಂಚೂರು ಕರೆಂಟ್ ತಗೊಂಡು ಹೆಡ್‌ನ ಗಡಬಡಿಸಿ ಪಕ್ಕಕ್ಕೆಳ್ಕೊಳ್ಳೋದು. ಒಂದಿನಕ್ಕ ಸಾಯಂಗಿಲ್ಲ, ಆದ್ರ ಬಾಳಷ್ಟು ಡಿಸ್ಕ್‌ಗಳು ತಮ್ಮ ಆರೋಗ್ಯದ ದಾಖಲೆ ಸ್ಮಾರ್ಟ್‌ನ 192ನೇ ನಂಬರಿನಾಗ ಇದನ್ನ ಎಣಿಸಿಟ್ಕೋತಾವ, ಮಗನಿಗೆ ತೋರಸ್ರಿ. ಲಿನಕ್ಸ್‌ನ ಫೈಲ್‌ಸಿಸ್ಟಮ್ ಇಎಕ್ಸ್‌ಟಿ4ಗೆ ಬದಲಾವಣೆ ಮೊದ್ಲೇ ಬರೆದಿಡೋ ಜರ್ನಲ್ ಐತಲ್ಲ ಅಂತಾರ ಕೆಲವ್ರು, ಅದು ಫೈಲ್‌ಸಿಸ್ಟಮ್‌ನ ಕಟ್ಟಡ ಉಳಸ್ತೈತಿ, ನೀವು ಕಡೀಗೆ ಬರೆದ ನಾಕು ಎಂಟ್ರಿಗೆ ಗ್ಯಾರಂಟಿ ಇಲ್ಲ.

ಇನ್ನ ದಿನಾ ಯಾಕ ನಿಲ್ತೈತಿ ಅಂದ್ರ ಆ ಮೆಸೇಜ್‌ನಾಗ 'ಫಾರ್' ಆದ್ಮ್ಯಾಲಿನ ಹೆಸರು ಓದ್ರಿ. ತೂಕದ ಮನಿ ಕಂಪ್ಯೂಟರಿನ ಫೋಲ್ಡರ್ ಇಲ್ಲಿ ಮೌಂಟ್ ಆಗಿದ್ದು (ಜೋಡಿಸಿದ್ದು), ಆ ಕಂಪ್ಯೂಟರ್ ಮೊದ್ಲೇ ಆಫ್ ಆಗಿದ್ರ ಇದು ಉತ್ತರ ಬರ್ಲಿ ಅಂತ ಕಾಯ್ಕೋತ ಕುಂತಿರ್ತೈತಿ, ಹಂಗಿದ್ರ ಆಫೀಸಿಂದು ಮೊದ್ಲು ಬಂದ್ ಮಾಡ್ರಿ, ಅದು ಆಮ್ಯಾಲ. 90ನ್ನ 5 ಮಾಡ್ರಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ, ಲೆಕ್ಕದ ಡೇಟಾಬೇಸ್ ಮುಚ್ಕೊಳ್ಳಾಕ ಟೈಮ್ ಬೇಕು.

ಪ್ರಶ್ನೆ: ಸಿಂಧನೂರಿಂದ ಬರ್ಯಾಕತ್ತೀನಿ. ವಿಂಡೋಸ್ 10 ಶಟ್‌ಡೌನ್ ಮಾಡಿ ಅದೇ ಲ್ಯಾಪ್‌ಟಾಪ್‌ನಾಗ ಲಿನಕ್ಸ್ ಚಾಲು ಮಾಡಿದ್ರ ಡಿ ಡ್ರೈವ್‌ನಾಗ ಬರ್ಯಾಕ ಬಿಡವಲ್ದು.

ಉತ್ತರ: ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಕಿತಾಪತಿ ಇದು. ಅದು ಕರ್ನಲ್ಲನ್ನ ಪೂರಾ ಮುಚ್ಚಂಗಿಲ್ಲ, ಹೈಬರ್ನೇಟ್ ಫೈಲಿಗೆ ತುರುಕಿ ಮಲಗಿಸ್ತೈತಿ, ಡ್ರೈವ್ ಇನ್ನೂ ತನ್ನ ಕೈಯಾಗೇ ಐತಿ ಅಂತ ಇಟ್ಕೊಂಡಿರ್ತೈತಿ. ಫೋರ್ಸ್ ಮಾಡಿ ಬರಿಬ್ಯಾಡ್ರಿ, ಫೈಲ್ ಹಾಳಾಗ್ತಾವ. ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಡ್ರಿ, ಇಲ್ಲಾ ರೀಸ್ಟಾರ್ಟ್ ಕೊಟ್ಟು ಲಿನಕ್ಸ್ ಆರಿಸ್ಕೋರಿ, ರೀಸ್ಟಾರ್ಟ್‌ನಾಗ ಅದು ಡ್ರೈವ್ ಪೂರಾ ಬಿಟ್ಟು ಹೋಗ್ತೈತಿ.