ಹದಿನಾಲ್ಕು ವರ್ಷದ ಶುಗರ್, ಈಗ ಇನ್ಸುಲಿನ್

ಪ್ರಶ್ನೆ: ನನಗೆ 56 ವರ್ಷ. ಶುಗರ್ ಬಂದು 14 ವರ್ಷವಾಯಿತು. ಮುಂಬಯಿ ಫೋರ್ಟ್‌ನ ಹೋಟೆಲೊಂದರಲ್ಲಿ ಕ್ಯಾಶಿಯರ್. ಮೂರು ಬಗೆ ಮಾತ್ರೆ ನುಂಗಿಯೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 9.4 ಇದೆ. ಡಾಕ್ಟರು ಇನ್ಸುಲಿನ್ ಬರೆದಿದ್ದಾರೆ. ಒಮ್ಮೆ ಚುಚ್ಚಿಕೊಂಡರೆ ಬಿಡಲಾಗದು, ಕಿಡ್ನಿ ಹೋಗುತ್ತದೆ ಅನ್ನುತ್ತಾರೆ ಊರಿನವರು. ಸ್ಟೇಷನ್ ಹತ್ತಿರ ಸಿಗುವ ಪುಡಿಯನ್ನು ಎರಡು ತಿಂಗಳು ತಿಂದು ನೋಡಲೇ? ಪಥ್ಯ ಬಿಟ್ಟವನಲ್ಲ, ಎಲ್ಲಿ ತಪ್ಪಿದೆ?
– ಓದುಗರು, ಡೊಂಬಿವಲಿ

ಉತ್ತರ: ನೀವು ಎಲ್ಲೂ ತಪ್ಪಲಿಲ್ಲ. ಇನ್ಸುಲಿನ್ ಬರೆದುಕೊಟ್ಟಾಗ ಎದುರು ಕೂತವರ ಮುಖ ಪರೀಕ್ಷೆಯಲ್ಲಿ ಫೇಲಾದ ಮಗುವಿನಂತಾಗುತ್ತದೆ. ಅದನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಅಧ್ಯಯನ, ಹೊಸದಾಗಿ ಕಾಯಿಲೆ ಕಂಡವರನ್ನು ವರ್ಷಗಟ್ಟಲೆ ಗಮನಿಸಿತು. ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಮೇದೋಜೀರಕದ ಇನ್ಸುಲಿನ್ ಶಕ್ತಿ ಸುಮಾರು ಅರ್ಧ ಕುಂದಿರುತ್ತದೆ, ಆಮೇಲೂ ಇಳಿಯುತ್ತಲೇ ಹೋಗುತ್ತದೆ ಎಂದು ಅದರಿಂದ ತಿಳಿಯಿತು. ಗ್ಲಿಮೆಪಿರೈಡ್‌ನಂಥ ಮಾತ್ರೆ ಆ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ. ಹಿಂಡಲು ಏನೂ ಉಳಿಯದಿದ್ದಾಗ ಹೊರಗಿನಿಂದ ಕೊಡಬೇಕು.

ಕಿಡ್ನಿಯ ಮಾತು ಎಲ್ಲಿಂದ ಬಂತು ಗೊತ್ತೇ? ಜನ ಹೆದರಿ ಹೆದರಿ ತೀರಾ ತಡವಾಗಿ ಇನ್ಸುಲಿನ್‌ಗೆ ಬರುತ್ತಾರೆ. ಅಷ್ಟರಲ್ಲಿ ಏರಿದ ಸಕ್ಕರೆಯೂ ಬಿಪಿಯೂ ಕಿಡ್ನಿಯನ್ನು ತಿಂದಿರುತ್ತವೆ. ಮರುವರ್ಷ ಡಯಾಲಿಸಿಸ್ ಆದರೆ ದೂರು ಸೂಜಿಯ ಮೇಲೆ. ಬಿಡಲಾಗದು ಅನ್ನುವುದೂ ಅರ್ಧ ಸುಳ್ಳು. ಗರ್ಭಿಣಿಯರು, ಆಪರೇಷನ್ ಆದವರು ಕೆಲಕಾಲ ತೆಗೆದುಕೊಂಡು ನಿಲ್ಲಿಸುತ್ತಾರೆ. ನಿಮಗೆ ಬಹುಶಃ ಮುಂದೆಯೂ ಬೇಕಾಗುತ್ತದೆ. ಅದು ಚಟವಲ್ಲ, ದೇಹಕ್ಕಿರುವ ಕೊರತೆ.

ಪುಡಿಯನ್ನು ಮುಟ್ಟಬೇಡಿ. ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿಗಳಲ್ಲಿ ಗ್ಲೈಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆಯನ್ನೇ ಗುಟ್ಟಾಗಿ ಬೆರೆಸಿದ್ದು ಲ್ಯಾಬ್ ಪರೀಕ್ಷೆಯಲ್ಲಿ ಸಿಕ್ಕಿದ್ದುಂಟು. ನಿಮ್ಮ ಮಾತ್ರೆಯ ಮೇಲೆ ಅದೂ ಸೇರಿದರೆ ನಡುರಾತ್ರಿ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಇದನ್ನು ಮಾರುವವರು ಜೀವ ತೆಗೆಯುವ ಕೆಲಸ ಮಾಡುತ್ತಿದ್ದಾರೆ.

ನನ್ನ ಸೋದರಮಾವ ‘ಇನ್ನೆರಡು ತಿಂಗಳು’ ಅನ್ನುತ್ತಲೇ ನಾಲ್ಕು ವರ್ಷ ತಳ್ಳಿದರು. ಸೂಜಿ ಹಿಡಿಯುವಷ್ಟರಲ್ಲಿ ಬಲಗಣ್ಣಿನ ರೆಟಿನಾದಲ್ಲಿ ರಕ್ತ ಸೋರಿತ್ತು. ನಾನಾಗ ಎಂಬಿಬಿಎಸ್ ಓದುತ್ತಿದ್ದೆ, ಮಾವನಿಗೆ ಜೋರು ಮಾಡುವ ಧೈರ್ಯ ಬರಲಿಲ್ಲ. ಈಗ ಮಾಡುತ್ತೇನೆ: ಈ ವಾರವೇ ಶುರು ಮಾಡಿ.

ಸಾಮಾನ್ಯವಾಗಿ ದಿನಕ್ಕೊಮ್ಮೆ, 10 ಯೂನಿಟ್‌ನಿಂದ ಆರಂಭಿಸುತ್ತಾರೆ. ನಿಮ್ಮ ಪ್ರಮಾಣವನ್ನು ನಿಮ್ಮ ಡಾಕ್ಟರೇ ಹೇಳಲಿ. ನಿಮಗೆ ಬರೆದಿರುವುದು ಬೆಳಗಿನ ಮಿಕ್ಸ್ ಇನ್ಸುಲಿನ್ (ಬೇಗ ಕೆಲಸ ಮಾಡುವುದೂ ನಿಧಾನದ್ದೂ ಬೆರೆತದ್ದು) ಆದರೆ ನನ್ನ ಭಯ ಬೇರೆಯೇ. ಮನೆಯಲ್ಲಿ ಚುಚ್ಚಿಕೊಂಡು, ಹೋಟೆಲಲ್ಲೇ ತಿಂದರಾಯಿತು ಎಂದು ಫಾಸ್ಟ್ ಲೋಕಲ್ ರೈಲು ಹತ್ತಿದವರು ಕುರ್ಲಾ ಬರುವಷ್ಟರಲ್ಲಿ ಬೆವತು ಕುಸಿಯುತ್ತಾರೆ. ತಿಂಡಿ ತಟ್ಟೆಗೆ ಬಂದಮೇಲೇ ಸೂಜಿ. ಗ್ಲೂಕೋಸ್ ಅಂಗಿಯ ಜೇಬಿನಲ್ಲಿರಲಿ. ರ್‍ಯಾಕ್ ಮೇಲಿಟ್ಟ ಬ್ಯಾಗು ಗರ್ದಿಯಲ್ಲಿ ಕೈಗೆಟಕುವುದಿಲ್ಲ. ಇನ್ಸುಲಿನ್ ತುಂಬಿದ ಹೊಸ ಪೆನ್ನು ಫ್ರಿಜ್‌ನಲ್ಲಿರಲಿ, ಫ್ರೀಜರ್ ಬೇಡ. ಬಳಸುತ್ತಿರುವ ಪೆನ್ನು ಹೆಚ್ಚಿನವು 30 ಡಿಗ್ರಿಯೊಳಗೆ 28 ದಿನ ತಾಳುತ್ತವೆ. ಮೇ ತಿಂಗಳ ಮುಂಬಯಿ ಅದಕ್ಕೂ ಮೀರಿ ಕಾಯುತ್ತದೆ, ಅಡುಗೆಮನೆಯಲ್ಲಂತೂ ಇಡಬೇಡಿ.

ಪ್ರಶ್ನೆ: ಸಕ್ಕರೆ ಬಿಟ್ಟು ಬೆಲ್ಲದ ಚಹಾ ಕುಡಿಯಬಹುದಲ್ಲ?
– ಓದುಗರು, ಮುಲುಂಡ್

ಉತ್ತರ: ಬೆಲ್ಲವೂ ಸಕ್ಕರೆಯೇ. ದಯವಿಟ್ಟು ಇದನ್ನು ಮತ್ತೆ ಕೇಳಬೇಡಿ.

ಪ್ರಶ್ನೆ: ಹಾಗಲಕಾಯಿ ರಸದಿಂದ ಮಾತ್ರೆ ನಿಲ್ಲಿಸಿದವರಿದ್ದಾರಂತೆ?
– ಓದುಗರು, ಘಾಟ್ಕೋಪರ್

ಉತ್ತರ: ಪಲ್ಯ ಮಾಡಿ ಉಣ್ಣಿ, ಮಾತ್ರೆಯನ್ನೂ ನುಂಗಿ.

ಪ್ರಶ್ನೆ: ಮಂಗಳವಾರ ಸಿದ್ಧಿವಿನಾಯಕನಿಗೆ ಬರಿಗಾಲಲ್ಲಿ ನಡೆಯುವ ಹರಕೆ ಇದೆ. ಪಾದ ಜುಮುಗುಡುತ್ತದೆ, ಅಷ್ಟೆ. ನಡೆಯಲೇ?
– ಓದುಗರು, ಸಯನ್

ಉತ್ತರ: ನಡೆಯಿರಿ, ಚಪ್ಪಲಿ ಹಾಕಿಕೊಂಡು. ಶುಗರ್ ಇದ್ದವರ ಪಾದ ಜುಮುಗುಟ್ಟಿದರೆ ಹೆಚ್ಚಾಗಿ ನರ ಸೋಲುತ್ತಿದೆ ಎಂದರ್ಥ. ಗಾಜು ಹೊಕ್ಕರೂ ಗೊತ್ತಾಗದೇ ಹೋಗಬಹುದು. ಗುಡಿಯ ಬಾಗಿಲಲ್ಲಿ ಬಿಟ್ಟರೆ ಸಾಕು, ಗಣಪತಿ ಬೇಸರಿಸುವುದಿಲ್ಲ. ಮನೆಗೆ ಬಂದಮೇಲೆ ಅಂಗಾಲನ್ನು ಯಾರ ಕೈಲಾದರೂ ನೋಡಿಸಿ.